ಸಮುದ್ರ ನೋಡಿ ಬೇಜಾರಾದ ಕಂಡಕ್ಟರ್

ನನ್ನ ಸೋದರಮಾವ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದ. ನಿವೃತ್ತನಾಗಿ ನಾಲ್ಕು ತಿಂಗಳಾದರೂ ಅವನ ಮನೆ ಇನ್ನೂ ಬಸ್ಸಿನಂತೆಯೇ ಓಡುತ್ತಿತ್ತು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ನಿಂತವರಿಗೆ "ಬಾಗಿಲಲ್ಲಿ ನಿಲ್ಬೇಡಿ, ಮುಂದೆ ಬನ್ನಿ, ಒಳಗೆ ಜಾಗ ಇದೆ" ಎನ್ನುತ್ತಿದ್ದ. ಮೂವರು ಕೂರುವ ಸೋಫಾದಲ್ಲಿ ಇಬ್ಬರು ಹಾಯಾಗಿ ಕೂತಿದ್ದರೆ ಅವನಿಗೆ ಕಣ್ಣುರಿ. ಸ್ನಾನದ ಮನೆಯಲ್ಲಿ ಯಾರಾದರೂ ಹೆಚ್ಚು ಹೊತ್ತು ಇದ್ದರೆ ಹೊರಗಿನಿಂದ ತಗಡಿನ ಬಾಗಿಲಿಗೆ ಎರಡು ಸಲ ಬಡಿದು "ರೈಟ್ ರೈಟ್" ಎಂದು ಕೂಗುತ್ತಿದ್ದ. ಅಡುಗೆಮನೆಯಲ್ಲಿ ಹಾಲು ಉಕ್ಕಿದರೆ "ಹೋಲ್ಡಾನ್!" ಹಾಲು ಅವನ ಮಾತು ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ. ಹೀಗಾಗಿ ಅವನಿಗೆ ರೈಟ್ ಮಾವ ಎಂದೇ ಹೆಸರು. ಅವನ ಇಬ್ಬರು ಗಂಡುಮಕ್ಕಳೂ ಅವನನ್ನು ಅಪ್ಪ ಎನ್ನುವುದು ಕಡಿಮೆ.

ಮನೆಯ ಕಡೆಯಿಂದ ಯಾರೇ ಸಿಟಿಗೆ ಹೊರಟರೂ ಮೊದಲು ಇವನ ಮುಂದೆ ಹಾಜರಾಗಬೇಕಿತ್ತು. ಇವನ ಬಸ್ಸು ನಮ್ಮ ಊರಿಂದ ನಸುಕಿನಲ್ಲಿ ಹೊರಟು, ಏಳೂ ನಲವತ್ತಕ್ಕೆ ಸಿಟಿಯ ದೊಡ್ಡ ನಿಲ್ದಾಣ ಸೇರಿ, ಎಂಟೂ ಐದಕ್ಕೆ ವಾಪಸ್ ಹೊರಡುತ್ತಿತ್ತು. ಅಂದಮೇಲೆ ಸಿಟಿಯ ಬಗ್ಗೆ ಇವನಿಗಿಂತ ತಿಳಿದವರು ಯಾರಿದ್ದಾರೆ? ಎರಡು ದಿನದ ಮಟ್ಟಿಗೆ ಹೋದರೆ ಎಲ್ಲಿ ಉಳಿಯಬೇಕು, ಯಾವ ಸ್ಟಾಪಿನಲ್ಲಿ ಇಳಿಯಬೇಕು, ಯಾವ ನಂಬರಿನ ಬಸ್ಸು ಹತ್ತಬಾರದು, ಎಲ್ಲಕ್ಕೂ ಇವನ ಹತ್ತಿರ ಉತ್ತರ ಇತ್ತು. ಉತ್ತರ ಕೊಡುವ ಮೊದಲು ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆಯುತ್ತಿದ್ದ. ಬರೆಯಲು ಏನೂ ಇರುತ್ತಿರಲಿಲ್ಲ, ಸುಮ್ಮನೆ ತೆಗೆಯುತ್ತಿದ್ದ.

"ಲಾಡ್ಜಿನ ಬೋರ್ಡ್ ನೋಡಿ ಮರುಳಾಗ್ಬೇಡಿ," ಎನ್ನುತ್ತಿದ್ದ. "ಬೆಳಿಗ್ಗೆ ಅಲ್ಲಿಂದ ಎದ್ದು ಬಂದವರ ಮುಖ ನೋಡ್ಬೇಕು. ನಾನು ದಿನಾ ನೋಡ್ತೀನಲ್ಲ. ನಿಲ್ದಾಣದ ಹತ್ರ ಉಳ್ಕೊಂಡೋರು ಟಿಕೆಟ್ ತಗೊಳ್ಳೋವಾಗ ಒಂದು ಕೈಲಿ ಚಿಲ್ಲರೆ ಕೊಡ್ತಾರೆ, ಇನ್ನೊಂದು ಕೈಲಿ ಬೆನ್ನು ಕೆರ್ಕೊಳ್ತಾರೆ. ಅಂದ್ರೆ ತಿಗಣೆ. ಗಿರಣಿ ಸ್ಟಾಪಲ್ಲಿ ಹತ್ತಿದೋರು ಟಿಕೆಟ್ ಕೊಡೋಷ್ಟರಲ್ಲಿ ಗೊರಕೆ. ಅಂದ್ರೆ ಅಲ್ಲಿ ನಿದ್ದೆ ಬರಲ್ಲ. ಕೋರ್ಟ್ ಸ್ಟಾಪಲ್ಲಿ ಗಂಡ ಹೆಂಡ್ತಿ ಜೊತೆಗೆ ಹತ್ತಿ ಬೇರೆ ಬೇರೆ ಸೀಟಲ್ಲಿ ಕೂರ್ತಾರೆ."

"ಅದು ಕೋರ್ಟಿನ ಕೆಲಸಕ್ಕೆ ಬಂದಿರ್ತಾರೆ ಮಾವ," ಎಂದೆ ನಾನು.

"ಅಲ್ಲಮ್ಮ. ಮಂಚ ಚಿಕ್ಕದು."

ಆಸ್ಪತ್ರೆ ಸ್ಟಾಪಿನ ಲಾಡ್ಜು ಶುಚಿ, ಆದರೆ ಅಲ್ಲಿ ಹತ್ತುವವರು ನಗುವುದಿಲ್ಲ. ಹೀಗೆ ಸಿಟಿಯ ಅಂಚಿನಿಂದ ನಿಲ್ದಾಣದವರೆಗಿನ ಹನ್ನೊಂದು ಸ್ಟಾಪುಗಳಿಗೂ ಅವನು ಜಾತಕ ಬರೆದಿಟ್ಟಿದ್ದ. ಆಶ್ಚರ್ಯ ಏನೆಂದರೆ ಅವನು ಹೇಳಿದಲ್ಲಿ ಉಳಿದವರು ಯಾರೂ ದೂರು ತಂದದ್ದಿಲ್ಲ. ನಮ್ಮ ದೊಡ್ಡಪ್ಪನಂತೂ, ಹುಟ್ಟಿದಾರಭ್ಯ ಯಾವುದನ್ನೂ ಚೆನ್ನಾಗಿದೆ ಅನ್ನದ ಮನುಷ್ಯ, ಒಮ್ಮೆ ಸಿಟಿಯಿಂದ ಬಂದು "ಹಾಸಿಗೆ ಪರವಾಗಿಲ್ಲ" ಎಂದುಬಿಟ್ಟಿದ್ದ. ಮಾವ ಆ ಮಾತನ್ನು ಒಂದು ವರ್ಷ ಊರೆಲ್ಲ ಹೊತ್ತು ತಿರುಗಿದ.

ಇಷ್ಟೆಲ್ಲ ಜನರಿಗೆ ದಾರಿ ತೋರಿಸಿದವನು ಒಬ್ಬಳನ್ನು ಮಾತ್ರ ಸಿಟಿಗೆ ಕರೆದೊಯ್ದಿರಲಿಲ್ಲ. ಅದು ನನ್ನ ಅತ್ತೆ, ಅವನ ಹೆಂಡತಿ.

ಅತ್ತೆ ಮನೆಯ ಮುಂಭಾಗದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ನಾಲಿಗೆಯೂ ಕತ್ತರಿಯಷ್ಟೇ ಹರಿತ. ಅವಳಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಮದುವೆಯಾದ ಮೊದಲ ವಾರ ಕೇಳಿದ್ದಳಂತೆ, "ನೀವು ಸಮುದ್ರ ನೋಡಿದೀರಾ?" ಇವನಿಗಾಗ ಇಪ್ಪತ್ತೇಳು ವರ್ಷ. ಹೊಸ ಕೆಲಸ, ಹೊಸ ಸಮವಸ್ತ್ರ, ಹೊಸ ಹೆಂಡತಿ. "ದಿನಾ ನೋಡ್ತೀನಿ" ಎಂದ. ಮರುವಾರ ಅವಳಿಗೊಂದು ಕಪ್ಪೆಚಿಪ್ಪು ತಂದುಕೊಟ್ಟ. ಬೆರಳುದ್ದದ್ದು, ಒಳಗೆಲ್ಲ ನಸುಗೆಂಪು. ಅವಳು ಅದನ್ನು ಯಂತ್ರದ ಖಾನೆಯಲ್ಲಿ ಗುಂಡಿಗಳ ಜೊತೆ ಇಟ್ಟುಕೊಂಡಳು.

ವರ್ಷ ವರ್ಷವೂ ಅವಳು ಕೇಳುವುದು, ಇವನು ಮುಂದೂಡುವುದು. "ನನಗಂತೂ ಸಮುದ್ರ ನೋಡಿ ನೋಡಿ ಬೇಜಾರಾಗಿದೆ ಕಣೇ. ಏನಿದೆ ಅಲ್ಲಿ? ನೀರು. ಜಾಸ್ತಿ ನೀರು." ಕೊನೆಗೆ, "ರಿಟೈರ್ ಆದ ಮೇಲೆ ಖಂಡಿತ" ಎಂದು ಮಾತು ಕೊಟ್ಟ. ರಿಟೈರ್ ಆಗುವುದು ಬಹಳ ದೂರದ ಮಾತು ಎಂದುಕೊಂಡಿದ್ದ. ಆದರೆ ಸರ್ಕಾರ ಅದೊಂದನ್ನು ಮಾತ್ರ ಸರಿಯಾದ ಸಮಯಕ್ಕೆ ಮಾಡುತ್ತದೆ.

ನಿವೃತ್ತಿಯ ಐದನೇ ತಿಂಗಳಿಗೆ ಅತ್ತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಅವನೆದುರು ಬಂದು ನಿಂತಳು. "ಮುಂದಿನ ತಿಂಗಳು ಮಂಡಿ ಆಪರೇಷನ್ನು. ಆಮೇಲೆ ಒಂದು ವರ್ಷ ಮರಳಲ್ಲಿ ನಡೆಯೋ ಹಾಗಿಲ್ಲ ಅಂತ ಡಾಕ್ಟರ್ ಹೇಳಿದಾರೆ. ಈ ಶನಿವಾರ ಹೋಗ್ತೀವಾ, ಇಲ್ಲ ನಾನೊಬ್ಬಳೇ ಹೋಗ್ಲಾ?"

ಮಕ್ಕಳಿಬ್ಬರಿಗೂ ರಜೆ ಇರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ರಜೆ ಯಾವಾಗಲೂ ಇರುತ್ತದೆ ಎಂದು ಇಡೀ ಬಳಗದ ನಂಬಿಕೆ. ಹಾಗಾಗಿ ಚೀಲ ಹೊರಲು ನನ್ನನ್ನು ಜೊತೆಮಾಡಿದರು.

ಉಳಿಯುವುದೆಲ್ಲಿ ಎನ್ನುವುದು ಮೊದಲ ಪ್ರಶ್ನೆ. ಸಮುದ್ರದ ಪಕ್ಕವೇ ರೂಮು ಮಾಡೋಣ ಎಂದು ಅತ್ತೆ. ಮಾವ ಬೆಚ್ಚಿಬಿದ್ದ. "ಉಪ್ಪುಗಾಳಿ! ಕೂದಲು ಉದುರುತ್ತೆ." ಅವನ ತಲೆಯಲ್ಲಿ ಉದುರಲು ಉಳಿದಿದ್ದು ನಾಲ್ಕೇ ಎಳೆ. ಆಮೇಲೆ ದನಿ ತಗ್ಗಿಸಿ ನನ್ನೆದುರು ಒಂದು ಗುಟ್ಟು ಬಿಚ್ಚಿದ. ನೀರಿನ ಟ್ಯಾಂಕ್ ಸ್ಟಾಪು. ಅಲ್ಲಿ ಹತ್ತುವವರಷ್ಟು ಸುಖವಾಗಿ ರಾತ್ರಿ ಕಳೆದವರನ್ನು ಅವನು ಇಡೀ ಸರ್ವೀಸಿನಲ್ಲಿ ನೋಡಿರಲಿಲ್ಲ. ಒಬ್ಬೊಬ್ಬರದೂ ಒದ್ದೆ ತಲೆ, ನೀಟಾಗಿ ಬಾಚಿದ ಕ್ರಾಪು, ಹೆಗಲ ಮೇಲೆ ಟವೆಲ್, ಮುಖದಲ್ಲಿ ಕಳೆ. "ಅಂದ್ರೆ ಅಲ್ಲಿನ ಲಾಡ್ಜಲ್ಲಿ ಬೇಕಾದಷ್ಟು ನೀರು. ಇದನ್ನ ಯಾರಿಗೂ ಹೇಳಿಲ್ಲ ನಾನು. ನಿಮ್ಮತ್ತೆಗೆ ಅಂತಲೇ ಇಟ್ಕೊಂಡಿದ್ದೆ." ಹೇಳುವಾಗ ಅವನ ಕಣ್ಣು ನಿಜಕ್ಕೂ ಹೊಳೆಯುತ್ತಿತ್ತು. ನನಗೆ ಅವನ ಮೇಲೆ ಆ ಕ್ಷಣ ಪ್ರೀತಿ ಉಕ್ಕಿತು ಎಂದು ಒಪ್ಪಿಕೊಳ್ಳುತ್ತೇನೆ. ಹಾಗೆಂದು ಮುಂದೆ ಆದದ್ದಕ್ಕೆಲ್ಲ ಇದು ಮಾಫಿಯಲ್ಲ.

ಶನಿವಾರ ಅವನದೇ ಹಳೆಯ ಬಸ್ಸು. ಸೀಟು ಸಿಕ್ಕರೂ ಕೂರಲಿಲ್ಲ. ಮುಂದಿನ ಕಂಬಕ್ಕೆ ಬೆನ್ನು ಆನಿಸಿ, ನಮ್ಮೆಲ್ಲರ ಕಡೆ ಮುಖ ಮಾಡಿ, ಎರಡು ಗಂಟೆ ನಿಂತೇ ಬಂದ. ಹೊಸ ಕಂಡಕ್ಟರ್ ಎರಡು ಸಲ ಅವನನ್ನು ಪಕ್ಕಕ್ಕೆ ಸರಿಯಿರಿ ಎಂದ. ಸ್ಟಾಪು ಬರುವ ಮೊದಲೇ ಅದರ ಹೆಸರು ಕೂಗಿ ಅವನ ಬಾಯಿಂದ ಕೆಲಸ ಕಿತ್ತುಕೊಂಡಿದ್ದೂ ಮಾವನೇ.

ನೀರಿನ ಟ್ಯಾಂಕಿನಲ್ಲಿ ಇಳಿದೆವು. "ಲಾಡ್ಜು ಎಡಗಡೆ, ಹಸಿರು ಬಾಗಿಲು" ಎಂದು ಚೀಲ ಬೀಸುತ್ತ ಹೊರಟ. ಎಡಗಡೆ ಹೋದರೆ ಟೈರ್ ಅಂಗಡಿಗಳ ಸಾಲು. ಅದು ಮುಗಿದ ಮೇಲೆ ಒಂದು ಗೋಡೆ. ಗೋಡೆಯ ಮುಂದೆ ನಿಂತು ಅದನ್ನು ಯಾರೋ ಬೇಕೆಂದೇ ಕಟ್ಟಿದವರಂತೆ ದಿಟ್ಟಿಸಿದ. ಹಸಿರು ಬಾಗಿಲು ನಾವು ಇಳಿದ ಜಾಗಕ್ಕೆ ಸರಿಯಾಗಿ ಬಲಗಡೆ ಇತ್ತು. ಅಲ್ಲಿಂದ ಔಷಧದ ಅಂಗಡಿ ಬಲಕ್ಕೆ ಎಂದ, ಅದು ಎಡಕ್ಕೆ ಸಿಕ್ಕಿತು. ಮೂರನೇ ಸಲ ನನಗೆ ಹೊಳೆಯಿತು. ಮೂವತ್ತೊಂದು ವರ್ಷ ಈ ಮನುಷ್ಯ ಬಸ್ಸಿನಲ್ಲಿ ಪ್ರಯಾಣಿಕರ ಕಡೆ ಮುಖ ಮಾಡಿ ನಿಂತಿದ್ದಾನೆ. ಇಡೀ ಸಿಟಿಯನ್ನು ಬೆನ್ನು ಹಾಕಿಯೇ ನೋಡಿದ್ದಾನೆ. ಅವನ ಎಡವೆಲ್ಲ ಲೋಕದ ಬಲ. ಇನ್ನು ಮುಂದೆ ಅವನು ಹೇಳಿದ್ದಕ್ಕೆ ತಿರುಗಾಮುರುಗಾ ಹೋದರೆ ಸಾಕು ಎಂದು ತೀರ್ಮಾನಿಸಿದೆ. ಹಾಗೆ ಮಾಡಿದ ಮೇಲೆ ದಾರಿ ತಪ್ಪಲಿಲ್ಲ.

ಲಾಡ್ಜಿನ ರೂಮು ಎರಡನೇ ಮಹಡಿ. ಮೂರು ಮಂಚ, ಒಂದು ಕನ್ನಡಿ, ಕಿಟಕಿಗೆ ಹೂವಿನ ಪರದೆ. ಅತ್ತೆ ಪರದೆಯ ಅಂಚನ್ನು ತಿರುಗಿಸಿ ಹೊಲಿಗೆ ನೋಡಿ "ಪಾಸು" ಎಂದಳು. ಮಾವನ ಎದೆ ಉಬ್ಬಿತು. ಮುಖ ತೊಳೆಯಲು ನಲ್ಲಿ ತಿರುಗಿಸಿದಳು. ನಲ್ಲಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ಸುಮ್ಮನಾಯಿತು.

ಕೆಳಗೆ ಮ್ಯಾನೇಜರು ಹಲ್ಲುಕಡ್ಡಿ ಬಾಯಿಂದ ತೆಗೆಯದೆಯೇ ವಿವರಿಸಿದ. "ನೀರು ಸಂಜೆ ಆರಕ್ಕೆ ಬರುತ್ತೆ, ಆರೂವರೆಗೆ ಹೋಗುತ್ತೆ. ಟ್ಯಾಂಕ್ ಒಡೆದು ಎಂಟು ವರ್ಷ ಆಯ್ತಲ್ಲ."

"ಮತ್ತೆ ಬೆಳಿಗ್ಗೆ ಒದ್ದೆ ತಲೇಲಿ ಬಸ್ ಹತ್ತೋರು?" ಮಾವ ಮೇಜಿನ ಮೇಲೆ ಬಾಗಿದ. "ಟವೆಲ್ ಹಾಕ್ಕೊಂಡು?"

"ಓ, ಅವ್ರಾ? ಹಿಂದಿನ ರಸ್ತೇಲಿ ಈಜುಕೊಳ ಇದೆ ಸಾರ್. ಬೆಳಿಗ್ಗೆ ಬ್ಯಾಚು."

ಮಾವ ಇಂಗು ತಿಂದ ಮಂಗನಂತಾದ. ಅತ್ತೆ ಒಂದು ಮಾತೂ ಆಡದೆ ರೂಮಿಗೆ ವಾಪಸ್ ಬಂದು ಬಾಟಲಿಯ ನೀರಿನಲ್ಲಿ ಮುಖ ಒರೆಸಿಕೊಂಡಳು. ಅವಳು ಮಾತಾಡದೇ ಇದ್ದರೆ ಎಲ್ಲರೂ ಹೆಲ್ಮೆಟ್ ಹಾಕಿಕೊಳ್ಳುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಮತ್ತೆ ಮೆಟ್ಟಿಲಿಳಿಯುವಾಗ ಮಾತು ಬಂತು. "ನಲ್ಲೀಲಂತೂ ಇಲ್ಲ. ಸಮುದ್ರದಲ್ಲಾದ್ರೂ ನೀರು ಇರುತ್ತಾ, ಅಥವಾ ಅದೂ ಆರು ಗಂಟೆಗೇನಾ ಬರೋದು?"

ಸಮುದ್ರಕ್ಕೆ ಹೋಗಬೇಕಾದರೆ ಮೊದಲು ದೊಡ್ಡ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಸಿಟಿ ಬಸ್ಸು ಹಿಡಿಯಬೇಕು ಎಂದು ಮ್ಯಾನೇಜರು ಹೇಳಿದ. ನಿಲ್ದಾಣದಲ್ಲಿ ಇಳಿದದ್ದೇ ಮಾವನ ನಡಿಗೆಯೇ ಬದಲಾಯಿತು. ಕ್ಯಾಂಟೀನಿನವನು ಕೈ ಬೀಸಿದ, ಕಸ ಗುಡಿಸುವವಳು "ಏನಣ್ಣ, ಕಾಣಲೇ ಇಲ್ಲ" ಎಂದಳು. ಕಂಡಕ್ಟರುಗಳ ಕೋಣೆಯಲ್ಲಿ ತಾನು ತಿಂಡಿಯ ಡಬ್ಬಿ ಬಿಚ್ಚುತ್ತಿದ್ದ ಬೆಂಚನ್ನು ತೋರಿಸಿದ. ಬೆಂಚಿನ ಮೂಲೆ ಅವನ ಅಳತೆಗೆ ಸವೆದಿತ್ತು. ಅತ್ತೆ ಶೌಚಾಲಯದ ಸಾಲಿನಲ್ಲಿ ನಿಂತಳು. ನಾವಿಬ್ಬರೂ ಸಿಟಿ ಬಸ್ಸು ಹುಡುಕುತ್ತ ನಿಲ್ದಾಣದ ಹೊರಗೇಟಿನವರೆಗೆ ನಡೆದೆವು. ಅಲ್ಲಿ ಮಾವ ಗಕ್ಕನೆ ನಿಂತ.

"ಯಾವ ಕಡೆ ಮಾವ?"

ಅವನು ಗೇಟಿನ ಕಬ್ಬಿಣವನ್ನು ಹಿಡಿದುಕೊಂಡ. "ಗೊತ್ತಿಲ್ಲಮ್ಮ. ಈ ಗೇಟು ದಾಟಿಲ್ಲ ನಾನು."

ನಾನು ತಮಾಷೆ ಎಂದುಕೊಂಡೆ. ಅವನ ಮುಖ ನೋಡಿದರೆ ತಮಾಷೆ ಇರಲಿಲ್ಲ. ಇಪ್ಪತ್ತೈದು ನಿಮಿಷದ ಬಿಡುವು. ಅದರಲ್ಲಿ ಟ್ರಿಪ್ ಶೀಟ್ ಬರೆಯಬೇಕು, ಡಬ್ಬಿ ಮುಗಿಸಬೇಕು, ಕೈ ತೊಳೆಯಬೇಕು. ಒಂದು ಸಲ ಇಲ್ಲಿಯತನಕ ಬಂದಿದ್ದನಂತೆ, ಸಮುದ್ರ ಎಷ್ಟು ದೂರ ಎಂದು ಕೇಳಲು. ಒಂದೂವರೆ ಕಿಲೋಮೀಟರ್ ಎಂದು ಯಾರೋ ಹೇಳುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ರಜೆ ಸಿಕ್ಕ ದಿನ ಬಸ್ಸಿನ ಮುಖ ನೋಡುವುದು ಯಾರಿಗೆ ಬೇಕು? ಹಾಗೇ ಮೂವತ್ತೊಂದು ವರ್ಷ ಕಳೆಯಿತು.

"ಮತ್ತೆ ದಿನಾ ಸಮುದ್ರ ನೋಡ್ತೀನಿ ಅಂದಿದ್ದು?"

"ಹೊಸ ಹೆಂಡ್ತಿ ಕಣಮ್ಮ. ಹೊಸ ಯೂನಿಫಾರ್ಮು. ಬಾಯಿಗೆ ಬಂತು, ಅಂದ್ಬಿಟ್ಟೆ. ಆಮೇಲೆ ವಾಪಸ್ ತಗೊಳ್ಳೋಕೆ ಸ್ಟಾಪೇ ಸಿಗಲಿಲ್ಲ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡ. ಇದೊಂದು ಗೊತ್ತಾದ್ರೆ ನಾನು ಹೇಳಿದ್ದೆಲ್ಲ ಸುಳ್ಳು ಅಂದ್ಕೋತಾಳೆ."

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ಅವಳು ಒಂದೂವರೆ ಕಿಲೋಮೀಟರಿಗಾಗಿ ಮೂವತ್ತೊಂದು ವರ್ಷ ಕಾದಿದ್ದಾಳೆ, ಇವನು ಅಷ್ಟೂ ವರ್ಷ ಬೇಜಾರಿನ ನಾಟಕ ಆಡಿದ್ದಾನೆ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕುಂಟುತ್ತ ಬಂದಳು.

ಸಿಟಿ ಬಸ್ಸಿನ ಕಂಡಕ್ಟರ್ ಇಪ್ಪತ್ತೈದರ ಹುಡುಗಿ. ಜನರ ನಡುವೆ ಮೀನಿನ ಹಾಗೆ ನುಸುಳಿ ಬಂದು ಮಾವನ ಮುಂದೆ ನಿಂತಳು. "ಎಲ್ಲಿಗೆ?"

ಮಾವ ಬಾಯಿ ತೆರೆದ, ಮುಚ್ಚಿದ. ಈ ಪ್ರಶ್ನೆಯನ್ನು ಅವನು ಲಕ್ಷಾಂತರ ಜನರಿಗೆ ಕೇಳಿದ್ದಾನೆ. ತಡವರಿಸಿದವರಿಗೆ ಬೈದಿದ್ದಾನೆ. "ಸಮುದ್ರಕ್ಕೆ" ಎಂದ.

"ಸಮುದ್ರ ಅಂತ ಸ್ಟಾಪ್ ಇಲ್ಲ ಯಜಮಾನ್ರೇ. ಹಡಗುಕಟ್ಟೆನಾ, ಮೀನು ಮಾರ್ಕೆಟ್ಟಾ, ಮರಳದಂಡೆನಾ? ಬೇಗ ಹೇಳಿ, ಹಿಂದೆ ಜನ ಇದಾರೆ."

ಮಾವ ಕಿವಿಯ ಹಿಂದೆ ಪೆನ್ಸಿಲ್ ತಡಕಿದ. ಅದು ಮನೆಯಲ್ಲೇ ಉಳಿದಿತ್ತು. ನಾನು "ಮರಳದಂಡೆ, ಮೂರು" ಎಂದೆ. ಅತ್ತೆ ಟಿಕೆಟ್ ತೆಗೆದುಕೊಂಡು ಮಾವನ ಮುಖವನ್ನು ನೋಡಿದಳು. ಬಟ್ಟೆ ಕತ್ತರಿಸುವ ಮೊದಲು ಅಳತೆಯನ್ನು ಇನ್ನೊಮ್ಮೆ ನೋಡುತ್ತಾಳಲ್ಲ, ಹಾಗೆ.

ಬಸ್ಸಿಳಿದರೆ ಎದುರಿಗೆ ಒಂದು ಉದ್ದನೆಯ ಸಿಮೆಂಟಿನ ಕಟ್ಟೆ. ಆಚೆಗೆ ಮರಳು, ಅದರಾಚೆಗೆ ಸಮುದ್ರ. ಕಟ್ಟೆ ಎತ್ತರ ಇದ್ದುದರಿಂದ ನಾವು ನಿಂತಲ್ಲಿಗೆ ಸದ್ದು ಮಾತ್ರ ಕೇಳುತ್ತಿತ್ತು. ಮಾವನ ಕಾಲು ತಾನಾಗಿಯೇ ಚುರುಕಾಯಿತು. ಕಟ್ಟೆಯ ಮೆಟ್ಟಿಲಿನ ಮೇಲೆ ಕಾಲಿಡುವಷ್ಟರಲ್ಲಿ ಅತ್ತೆ ಹಿಂದಿನಿಂದ ಕರೆದಳು.

"ರೀ, ನೀವು ಎಲ್ಲಿಗೆ ಬರ್ತೀರಾ? ನಿಮಗೆ ನೋಡಿ ನೋಡಿ ಬೇಜಾರಾಗಿದೆಯಲ್ಲ. ಇಲ್ಲೇ ಕೂತು ಚಪ್ಪಲಿ ಕಾಯ್ತಾ ಇರಿ. ನಾವಿಬ್ರೂ ನೋಡ್ಕೊಂಡು ಬರ್ತೀವಿ."

ಎರಡು ಜೊತೆ ಚಪ್ಪಲಿ ಅವನ ಮುಂದೆ ಸಾಲಾಗಿ ಇಟ್ಟಳು. ಮಾವ ಮೆಲ್ಲನೆ ಕಟ್ಟೆಯ ಬುಡದಲ್ಲಿ ಕೂತ. ಬೆನ್ನಿನ ಹಿಂದೆ ಸಮುದ್ರ ದಬದಬ ಎನ್ನುತ್ತಿತ್ತು. ಅತ್ತೆ ಮೆಟ್ಟಿಲು ಹತ್ತತೊಡಗಿದಳು, ಒಂದೊಂದಾಗಿ, ಮಂಡಿ ಹಿಡಿದುಕೊಂಡು, ಎಂದಿಗಿಂತ ನಿಧಾನವಾಗಿ. ನಾನು ಅವಳ ಕೈ ಹಿಡಿದಿದ್ದೆ. ಅವಳು ಹತ್ತುತ್ತಿರಲಿಲ್ಲ, ಕಾಯುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಐದನೇ ಮೆಟ್ಟಿಲಲ್ಲಿ.

"ಹೋಲ್ಡಾನ್," ಎಂದು ಕೆಳಗಿನಿಂದ ಸಣ್ಣ ದನಿ ಬಂತು.

ಅತ್ತೆ ನಿಂತಳು. ತಿರುಗಲಿಲ್ಲ.

"ನಾನೂ ನೋಡಿಲ್ಲ ಕಣೇ."

"ಏನನ್ನ?"

"ಸಮುದ್ರನ. ಒಂದಿನಾನೂ ನೋಡಿಲ್ಲ."

ಅತ್ತೆ ಈಗ ತಿರುಗಿದಳು. ಮಾವ ಎರಡು ಜೊತೆ ಚಪ್ಪಲಿಯ ಮುಂದೆ ಎದ್ದು ನಿಂತಿದ್ದ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಂತೆ. ಅವಳ ಗಲ್ಲ ಅದುರುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ.

"ಹಾಗಾದ್ರೆ ಆ ಕಪ್ಪೆಚಿಪ್ಪು?"

"ಹದಿನೇಳನೇ ಸೀಟಲ್ಲಿ ಯಾರೋ ಬಿಟ್ಟು ಹೋಗಿದ್ರು."

"ಮೂವತ್ತು ವರ್ಷದಿಂದ ಯಾರದೋ ಲಗೇಜು ಕಾಯ್ಕೊಂಡು ಕೂತಿದೀನಿ ನಾನು!" ಎಂದು ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಷ್ಟು ದೂರ ಇತ್ತು ಇದು, ನಿಮ್ಮ ನಿಲ್ದಾಣದಿಂದ?"

"ಒಂದೂವರೆ ಕಿಲೋಮೀಟರು."

"ನಾಚಿಕೆ ಆಗಲ್ವಾ?"

"ಆಗುತ್ತೆ. ದಿನಾ ಆಗ್ತಿತ್ತು," ಎಂದ ಮಾವ. ಅದನ್ನು ಹೇಳುವಾಗ ಅವನ ದನಿಯಲ್ಲಿ ಕಂಡಕ್ಟರ್ ಇರಲಿಲ್ಲ.

ಅತ್ತೆ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಅವನ ಕಡೆ ಚಾಚಿದಳು. "ಬನ್ನಿ. ಚಪ್ಪಲಿ ಬಿಟ್ಟು ಬನ್ನಿ."

"ಮತ್ತೆ ಚಪ್ಪಲಿ ಯಾರು ಕಾಯೋದು?"

ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡಿದರು.

ಹೀಗೆ ಮೂರು ಜೊತೆ ಚಪ್ಪಲಿ, ಒಂದು ಚೀಲ, ಒಂದು ನೀರಿನ ಬಾಟಲಿಯ ಸಮೇತ ನಾನು ಕಟ್ಟೆಯ ಮೇಲೆ ಕೂತೆ. ಕಟ್ಟೆಯಿಂದ ಎಲ್ಲ ಕಾಣುತ್ತಿತ್ತು. ಬಿಸಿಲು ಇಳಿಯುವ ಹೊತ್ತು. ಮಾವ ಮರಳಿನ ಮೊದಲ ಹೆಜ್ಜೆಯಲ್ಲೇ ನಿಂತು, ಎಡಕ್ಕೂ ಬಲಕ್ಕೂ ನೋಡಿ, ಎರಡೂ ಕಡೆ ಒಂದೇ ಇದ್ದುದನ್ನು ಕಂಡು ದೊಡ್ಡದಾಗಿ ಉಸಿರುಬಿಟ್ಟ. ಅತ್ತೆ ಅವನ ತೋಳಿಗೆ ಆತುಕೊಂಡಳು. ನಾನು ಕಣ್ಣಿಗೆ ಮರಳು ಬಿತ್ತು ಎಂದು ಒರೆಸಿಕೊಂಡೆ. ಗಾಳಿ ಇರಲಿಲ್ಲ.

ಆಮೇಲೆ ನೀರಿನ ಕಡೆ ಹೊರಟರು. ಅತ್ತೆಗೆ ಮರಳಲ್ಲಿ ಕಾಲು ಹೂತು ಹೆಜ್ಜೆ ಕಷ್ಟವಾಯಿತು. ಮಾವ ಅವಳ ಎರಡೂ ಕೈ ಹಿಡಿದು, ಅವಳ ಕಡೆ ಮುಖ ಮಾಡಿ, ತಾನು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದ. ಮೂವತ್ತೊಂದು ವರ್ಷ ಕಾದು ಬಂದ ಸಮುದ್ರಕ್ಕೆ ಆಗಲೇ ಬೆನ್ನು ಹಾಕಿಯಾಗಿತ್ತು. ಅವನ ದನಿ ಕಟ್ಟೆಯವರೆಗೂ ಕೇಳುತ್ತಿತ್ತು. "ಬಾ ಬಾ, ಮುಂದೆ ಬಾ, ನಿಲ್ಬೇಡ. ಒಳಗೆ ಜಾಗ ಇದೆ."

ಅವನ ಹಿಂದೆ ಒಂದು ಅಲೆ ಎದ್ದಿತು. ಸೊಂಟದೆತ್ತರಕ್ಕೆ ಬರುತ್ತಿತ್ತು. ನನಗೆ ಕಂಡಿತು, ಅತ್ತೆಗೂ ಕಂಡಿತು. ಅವಳು ಹೋಲ್ಡಾನ್ ಅನ್ನಬಹುದಿತ್ತು. ಅವನ ಹೆಗಲ ಮೇಲಿಂದ ಅಲೆಯನ್ನು ನೋಡಿದಳು, ಅವನ ಕೈಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು, ಮತ್ತು ಅವನು ಜೀವಮಾನವಿಡೀ ಕೂಗಿದಷ್ಟೇ ಜೋರಾಗಿ ಕೂಗಿದಳು.

"ರೈಟ್ ರೈಟ್!"